ಅಪ್ಪನ ಸೊಂಟವೂ ನನ್ನ ಕೋಣೆಯೂ

ಗಾಲ್ಫ್ ಕ್ಲಬ್ಬಿನ ವ್ಯಾಯಾಮ ತರಬೇತುದಾರರ ಸನ್ನಿಧಿಗೆ,
ಈಜುಕೊಳದ ಹಿಂದಿನ ಗಾಜಿನ ಕೋಣೆ.

ಮಾನ್ಯರೇ,

ತಮ್ಮ ಹೊಟ್ಟೆಯ ಸ್ನಾಯುಗಳು ಎಂದಿನಂತೆ ಬಿಗಿಯಾಗಿಯೂ, ತೊಡೆಯ ಹಿಂದಿನ ಸ್ನಾಯುಗಳು ಎಂದಿನಂತೆ ಸಡಿಲವಾಗಿಯೂ, ಇವೆರಡರ ನಡುವೆ ಇರಬೇಕಾದ್ದೆಲ್ಲ ಅದರದರ ಸ್ಥಾನದಲ್ಲಿಯೂ ಇರಲೆಂದು ಹಾರೈಸುತ್ತಾ ಈ ಪತ್ರವನ್ನು ಆರಂಭಿಸುತ್ತೇನೆ. ತಮಗೆ ಬಾಗಿ ನಮಸ್ಕರಿಸಬೇಕೆಂಬ ಆಸೆ ಬಹಳವಿತ್ತು. ಆದರೆ ಬಾಗುವುದಾದರೆ ಬೆನ್ನನ್ನು ನೆಟ್ಟಗಿಟ್ಟು ಸೊಂಟದ ಕೀಲಿನಿಂದಲೇ ಬಾಗಬೇಕೆಂಬ ತಮ್ಮ ನಿಯಮ ನನಗಿನ್ನೂ ರೂಢಿಯಾಗಿಲ್ಲವಾದ್ದರಿಂದ, ಗೌರವ ಸಲ್ಲಿಸಲು ಹೋಗಿ ಗೌರವಾನ್ವಿತರ ಗಿರಾಕಿಯಾಗುವುದು ಬೇಡವೆಂದು ನಿಂತಲ್ಲಿಂದಲೇ ಕೈಮುಗಿದಿದ್ದೇನೆ. ದಯಮಾಡಿ ಸ್ವೀಕರಿಸಬೇಕು.

ನಾನು ಯಾರೆಂದು ತಮಗೆ ತಿಳಿದಿರಲಾರದು. ಕಳೆದ ಋತುವಿನಲ್ಲಿ ಚೆಂಡು ಹೆಕ್ಕುವ ಗಾಡಿಯಲ್ಲಿ, ಚೆಂಡುಗಳ ನಡುವೆಯೇ, ಮುರಿದ ಕುರ್ಚಿಯಂತೆ ಮಡಚಿಕೊಂಡು ತಮ್ಮ ಬಾಗಿಲಿಗೆ ಬಂದಿಳಿದ ಹಲ್ಲಿನ ಡಾಕ್ಟರೊಬ್ಬರನ್ನು ತಾವು ಮರೆತಿರಲಿಕ್ಕಿಲ್ಲ. ನಾನು ಅವರ ಒಬ್ಬಳೇ ಮಗಳು. ಕಾಲೇಜಿನ ಕೊನೆಯ ವರ್ಷದಲ್ಲಿದ್ದೇನೆ. ಮನೆಯಲ್ಲಿ ನನ್ನನ್ನು 'ತರಲೆ' ಎಂದು ಕರೆಯುತ್ತಾರೆ. ಆ ಬಿರುದಿಗೆ ನಾನಾಗಿ ಅರ್ಜಿ ಹಾಕಿದವಳಲ್ಲ.

ನಮ್ಮಪ್ಪನ ಬೆನ್ನಿನ ಇತಿಹಾಸವನ್ನು ತಾವು ಕಂಡುಹಿಡಿದ ರೀತಿಗೆ ನಾನು ಇಂದಿಗೂ ತಲೆದೂಗುತ್ತೇನೆ. ವಾರವಿಡೀ ಜನರ ಬಾಯೊಳಗೆ ಇಣುಕುತ್ತಾ ಬಲಕ್ಕೇ ವಾಲಿ ವಾಲಿ ಅವರ ದೇಹ ಗಾಳಿಗೆ ಬಾಗಿದ ಕಂಬದಂತಾಗಿತ್ತು. ಭಾನುವಾರ ಬಂತೆಂದರೆ ಅದೇ ಕಂಬವನ್ನು ಒದ್ದೆ ಟವೆಲ್ಲು ಹಿಂಡುವಂತೆ ತಿರುಚಿ, ಏನೂ ತಪ್ಪು ಮಾಡದೆ ಸುಮ್ಮನೆ ಕುಳಿತ ಒಂದು ಬಿಳಿಯ ಚೆಂಡಿಗೆ ಬಾರಿಸುತ್ತಿದ್ದರು. ತಾವು ಅವರ ಸೊಂಟದ ಎರಡೂ ಬದಿಗೆ ಕೈಯಿಟ್ಟು, ಕಣ್ಣು ಮುಚ್ಚಿ, "ಡಾಕ್ಟ್ರೇ, ತಿರುಗಬೇಕಾಗಿರೋದು ನಿಮ್ಮ ಸೊಂಟ. ಅದು ತಿರುಗ್ತಾ ಇಲ್ಲ. ಅದರ ಕೆಲಸಾನೂ ಬೆನ್ನೇ ಮಾಡ್ತಾ ಇದೆ. ಯಾಕೆ ಗೊತ್ತಾ? ನಿಮ್ಮ ಗ್ಲೂಟ್ಸ್ ಮಲಗಿಬಿಟ್ಟಿವೆ" ಎಂದಿರಂತೆ. ಬೇರೆಯವರ ಬಾಯಲ್ಲಿ ಈ ಮಾತು ಬಂದಿದ್ದರೆ ಅಪ್ಪ ಕೋರ್ಟಿಗೆ ಹೋಗುತ್ತಿದ್ದರೇನೋ. ತಮ್ಮ ಬಾಯಲ್ಲಿ ಬಂದದ್ದರಿಂದ ಅದು ಅವರಿಗೆ ಮಂತ್ರವಾಯಿತು. ಅಂದು ರಾತ್ರಿ ಊಟಕ್ಕೆ ಕುಳಿತವರು, ಮನುಷ್ಯನ ಹಿಂಬದಿಯ ಸ್ನಾಯುಗಳು ಹೇಗೆ ದೇಹದಲ್ಲೇ ಅತ್ಯಂತ ಬಲಿಷ್ಠವೆಂದೂ, ತನ್ನವು ಹೇಗೆ ವರ್ಷಗಟ್ಟಲೆ ನಿದ್ದೆಯಲ್ಲಿವೆಯೆಂದೂ, ಇನ್ನು ಮುಂದೆ ದಿನಾ ಬೆಳಿಗ್ಗೆ ಅವನ್ನು ಹೇಗೆ ಎಬ್ಬಿಸಬೇಕೆಂದೂ ವಿವರಿಸತೊಡಗಿದಾಗ, ನಮ್ಮಮ್ಮ ಬಡಿಸುವ ಸೌಟನ್ನು ಪಾತ್ರೆಯಲ್ಲಿಟ್ಟು, "ರೀ, ಅವು ಮಲಗಿದ್ರೆ ಮಲಗಿರ್ಲಿ ಬಿಡ್ರೀ. ತಟ್ಟೆ ಮುಂದೆ ಆ ವಿಷಯ ಯಾಕೆ?" ಎಂದರು.

ಅವು ಎದ್ದವು, ಮಾನ್ಯರೇ. ಆದರೆ ಅವನ್ನು ಎಬ್ಬಿಸುವುದಕ್ಕಾಗಿ ಮೊದಲು ಮನೆಯವರೆಲ್ಲ ಏಳಬೇಕಾಯಿತು. ಅದರಲ್ಲೂ ನಾನು.

ಏಕೆಂದರೆ ತಾವು ಅದೇ ದಿನ ಅಪ್ಪನನ್ನು, "ಮನೇಲಿ ಖಾಲಿ ಕೋಣೆ ಯಾವುದಾದ್ರೂ ಇದ್ಯಾ?" ಎಂದು ಕೇಳಿದಿರಿ. ಅಪ್ಪ ಎಳ್ಳಷ್ಟೂ ಅನುಮಾನಿಸದೆ "ಇದೆ" ಎಂದರು. ಆಗ ಅದರೊಳಗೆ ನಾನು ಮಲಗಿದ್ದೆ.

ಅಂದಿನಿಂದ ನನ್ನ ಕೋಣೆಗೆ ಬಂದ ಯೋಗ ದೊಡ್ಡದು. ನನ್ನ ಮಂಚ ಗೋಡೆಗೆ ಒರಗಿ ನಿಂತಿದೆ; ಮನೆಯಲ್ಲಿ ಸದ್ಯಕ್ಕೆ ಅತ್ಯುತ್ತಮ ನಿಲುವು ಇರುವುದು ಅದಕ್ಕೇ. ನನ್ನ ಮೇಜಿನ ಮೇಲೆ ನಾನಾ ಬಣ್ಣದ ರಬ್ಬರ್ ಪಟ್ಟಿಗಳು ಹಾವಿನ ಮರಿಗಳ ಹಾಗೆ ಸುರುಳಿ ಸುತ್ತಿ ಬಿದ್ದಿವೆ. ಕನ್ನಡಿಯ ಮುಂದೆ ನಾನು ತಲೆ ಬಾಚುತ್ತಿದ್ದ ಜಾಗದಲ್ಲಿ ಅಪ್ಪ ನಾಲ್ಕು ಕಾಲ ಮೇಲೆ ನಿಂತು, ಎಡಗೈಯನ್ನು ಮುಂದಕ್ಕೂ ಬಲಗಾಲನ್ನು ಹಿಂದಕ್ಕೂ ಚಾಚಿ, ಎಲ್ಲಿಗೂ ಹೋಗದೆ ಹಾರುತ್ತಿರುತ್ತಾರೆ. ಕಿಟಕಿಯಿಂದ ಇದನ್ನು ಕಂಡ ಪಕ್ಕದ ಮನೆಯಾಕೆ, "ನಿಮ್ಮಪ್ಪ ಏನಾದ್ರೂ ಕಳ್ಕೊಂಡ್ರಾ? ದಿನಾ ಹುಡುಕ್ತಾನೇ ಇರ್ತಾರಲ್ಲ" ಎಂದು ಮೆಟ್ಟಿಲ ಬಳಿ ಕಳಕಳಿಯಿಂದ ವಿಚಾರಿಸಿದರು. ಕೆಳಗಿನ ಮನೆಯ ಪಿಯಾನೋ ಟೀಚರಿಗೆ ಕಾಣುವುದಿಲ್ಲ, ಕೇಳಿಸುತ್ತದೆ ಅಷ್ಟೆ. ಅವರು ಒಂದು ದಿನ ಮೇಲೆ ಬಂದು, "ನಿಮ್ಮನೇಲಿ ದಿನಾ ಬೆಳಿಗ್ಗೆ ಕಪಾಟು ಬೀಳುತ್ತಲ್ಲ, ಒಟ್ಟು ಎಷ್ಟು ಕಪಾಟಿವೆ?" ಎಂದು ಕೇಳಿದರು. ಅದು ಕಪಾಟಲ್ಲ, ತಾವು ದಯಪಾಲಿಸಿದ ಮೆಡಿಸಿನ್ ಬಾಲ್ ಎಂಬ ಭಾರದ ಚೆಂಡನ್ನು ಅಪ್ಪ ಗೋಡೆಗೆ ಎಸೆಯುವ ಸದ್ದು ಎಂದು ಹೇಳಲು ನನಗೆ ಧೈರ್ಯ ಸಾಲಲಿಲ್ಲ. "ಇನ್ನು ಸ್ವಲ್ಪವೇ ಉಳಿದಿವೆ ಮೇಡಂ" ಎಂದುಬಿಟ್ಟೆ.

ಇಷ್ಟಾದರೂ ನಾನು ಹಾಲ್ ಸೋಫಾದ ಮೇಲೆ, ಫ್ರಿಜ್ಜಿನ ಗೊರಕೆಗೆ ನನ್ನ ಗೊರಕೆಯನ್ನು ಸೇರಿಸುತ್ತಾ, ಬಾಯಿ ಮುಚ್ಚಿಕೊಂಡು ಬದುಕಿದ್ದಕ್ಕೆ ಕಾರಣ ಒಂದು ಒಪ್ಪಂದ. ಈ ಋತುವಿನ ಕೊನೆಯ ಭಾನುವಾರ ದೊಡ್ಡಪ್ಪನ ವಿರುದ್ಧ ನಡೆಯುವ ಪಂದ್ಯವನ್ನು ಅಪ್ಪ ಗೆದ್ದರೆ ಅಂದೇ ಸಂಜೆ ನನ್ನ ಕೋಣೆ ನನಗೆ ವಾಪಸು, ವ್ಯಾಯಾಮವೆಲ್ಲ ಬಾಲ್ಕನಿಗೆ. ಸೋತರೆ ತಮ್ಮ ಕಾರ್ಯಕ್ರಮದ 'ಎರಡನೇ ಹಂತ' ಶುರು. ಅಂದರೆ ಗೋಡೆಗೆ ತೂತು ಕೊರೆದು ಕಬ್ಬಿಣದ ಚೌಕಟ್ಟೊಂದನ್ನು ಶಾಶ್ವತವಾಗಿ ಕೂರಿಸುವುದು. ಮಾನ್ಯರೇ, ಮಂಚವನ್ನು ಒರಗಿಸಿಟ್ಟವರು ನಾಳೆ ಇಳಿಸಿಯಾರು. ಆದರೆ ಗೋಡೆಗೆ ತೂತು ಕೊರೆದ ಅಪ್ಪ ಇಳಿದು ಬಂದ ಉದಾಹರಣೆ ಜಗತ್ತಿನಲ್ಲಿ ಇಲ್ಲ.

ದೊಡ್ಡಪ್ಪನ ವಿಷಯ ತಮಗೆ ಹೇಳಲೇಬೇಕು, ಏಕೆಂದರೆ ಅವರು ತಮ್ಮ ಶಾಸ್ತ್ರಕ್ಕೆ ನಡೆದಾಡುವ ಅವಮಾನ. ಅವರದು ಬಣ್ಣದ ಅಂಗಡಿ. ಅಂಗಡಿಯಲ್ಲಿ ದೊಡ್ಡ ದೊಡ್ಡ ಡಬ್ಬಗಳನ್ನು ಎತ್ತಿಡುತ್ತಾ ತಾವೂ ಒಂದು ಡಬ್ಬದ ಆಕಾರಕ್ಕೆ ಬಂದಿದ್ದಾರೆ. ಕ್ಲಬ್ಬಿನಲ್ಲಿ ಅವರನ್ನು 'ಡಬ್ಬ ಸಾಹೇಬರು' ಎಂದೇ ಕರೆಯುವುದು. ಪಂದ್ಯಕ್ಕೆ ಮುಂಚೆ ಅವರು ಮಾಡುವ ವ್ಯಾಯಾಮವೆಂದರೆ ಕೈಗಡಿಯಾರ ಬಿಚ್ಚುವುದು, ನೆಟಿಗೆ ಮುರಿಯುವುದು, ಜೋರಾಗಿ ಒಂದು ಸೀನು. ಆಮೇಲೆ ಕೋಲೆತ್ತಿ, ಜಮಖಾನೆಯ ಧೂಳು ಬಡಿಯುವವರಂತೆ ಬಾರಿಸುತ್ತಾರೆ. ಚೆಂಡು ನೆಟ್ಟಗೆ ಹೋಗುತ್ತದೆ. ಸೊಂಟ, ಮೊಣಕೈ, ಮಣಿಕಟ್ಟು ಯಾವುದೂ ಇಂದಿನವರೆಗೆ 'ಅಯ್ಯೋ' ಅಂದಿದ್ದಿಲ್ಲ. ಅಣ್ಣತಮ್ಮಂದಿರ ಈ ಪಂದ್ಯಕ್ಕೆ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇದೆ: ಸೋತವನು ಗೆದ್ದವನ ಚೀಲ ಹೊತ್ತುಕೊಂಡು, ವರಾಂಡದಲ್ಲಿ ಕುಳಿತವರೆಲ್ಲ ನೋಡುವಂತೆ, ಏರಿನ ಮೇಲಿನ ಕಾರಿನವರೆಗೂ ಗೆದ್ದವನ ಹಿಂದೆ ನಡೆಯಬೇಕು. ಪ್ರತಿ ವರ್ಷ ಹೊತ್ತವರು ನಮ್ಮಪ್ಪ. ಮುಂದೆ ಮುಂದೆ ನಡೆಯುತ್ತಾ ದೊಡ್ಡಪ್ಪ, "ನಿಧಾನ ಕಣೋ ತಮ್ಮಾ, ಬೆನ್ನು ಜೋಪಾನ. ನಾಳೆ ಯಾರ್ದೋ ಹಲ್ಲು ಕೀಳೋದಿದೆ" ಎಂದು ವೀಕ್ಷಕವಿವರಣೆ ಕೊಡುತ್ತಿದ್ದರು. ಅಪ್ಪನಿಗೆ ನೋಯುತ್ತಿದ್ದದ್ದು ಬೆನ್ನೊಂದೇ ಅಲ್ಲ ಎಂಬುದನ್ನು ತಮ್ಮಂಥ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಗಾಯ ತಡೆಯುವ ತಮ್ಮ ವಿದ್ಯೆಯ ಫಲಿತಾಂಶಕ್ಕೆ ಬರುತ್ತೇನೆ. ಹೊಗಳಲು ಪದಗಳು ಸಾಲವು. ತಾವು ತಡೆದ ಗಾಯಗಳು ಎಲ್ಲಿಗೂ ಹೋಗಲಿಲ್ಲ. ಅಪ್ಪನ ಮೈಮೇಲೆ ಜಾಗ ಸಿಗದೆ ಮನೆಯ ಉಳಿದವರಲ್ಲಿ ಬಂದು ನೆಲೆಸಿದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಅಂದದ್ದು ತಮ್ಮ ವೃತ್ತಿಯನ್ನು ಮುಂಗಂಡೇ ಇರಬೇಕು. ಕೆಂಪು ರಬ್ಬರ್ ಪಟ್ಟಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಎದೆಯನ್ನು ಅತ್ತಿತ್ತ ತಿರುಗಿಸುವ ಅಭ್ಯಾಸದ ಮೊದಲ ದಿನವೇ ಹಿಡಿ ಕಿತ್ತುಬಂದು, ಕಾಫಿ ಲೋಟ ಹಿಡಿದು ನಿಂತಿದ್ದ ನನ್ನ ಹುಬ್ಬಿಗೆ ಮುತ್ತಿಟ್ಟಿತು. ಸ್ನಾಯು ಸಡಿಲಿಸಲೆಂದು ತಾವು ಕೊಟ್ಟ ಸ್ಪಂಜಿನ ಉರುಳೆಯ ಮೇಲೆ ಅಮ್ಮ, ನೈಟ್ ಡ್ಯೂಟಿ ಮುಗಿಸಿ ಬಂದವರು, ಅರೆನಿದ್ದೆಯಲ್ಲಿ ಕಾಲಿಟ್ಟು ಕೋಣೆಯ ಬಾಗಿಲಿಂದ ಕಿಟಕಿಯವರೆಗೆ ನಡೆಯದೆಯೇ ತಲುಪಿದರು. ನಮ್ಮಮ್ಮ ಹೆರಿಗೆ ವಾರ್ಡಿನ ನರ್ಸು. ಮೊಣಕಾಲಿಗೆ ಮಂಜುಗಡ್ಡೆ ಒತ್ತಿಕೊಂಡು ಅವರು ಹೇಳಿದ್ದಿಷ್ಟು: "ಜೋಡಿ ಮಕ್ಕಳನ್ನ ಹೆತ್ತು ಮಾರನೇ ದಿನ ಎದ್ದು ಓಡಾಡೋರನ್ನ ನೋಡಿದೀನಿ. ಒಂದು ಚೆಂಡು ಹೊಡೆಯೋಕೆ ಇಷ್ಟು ಸಿದ್ಧತೆ ಮಾಡ್ಕೊಳ್ಳೋರನ್ನ ಇವರನ್ನೇ ನೋಡಿದ್ದು." ಅಪ್ಪ ಕೋಪಿಸಿಕೊಳ್ಳಲಿಲ್ಲ. "ನಿನಗೆ ಬ್ಯಾಲೆನ್ಸ್ ಕಮ್ಮಿ ಇದೆ ಕಣೇ, ಬಾ, ಒಂಟಿ ಕಾಲಲ್ಲಿ ನಿಲ್ಲೋದು ಹೇಳ್ಕೊಡ್ತೀನಿ" ಎಂದರು. ನಮ್ಮ ಮನೆಯಲ್ಲಿ ಆ ವಾರ ಅಡುಗೆ ಆಗಲಿಲ್ಲ.

ಆದರೆ ಸತ್ಯಕ್ಕೆ ಅಪಚಾರ ಮಾಡಲಾರೆ. ಪಂದ್ಯದ ದಿನ ಹತ್ತಿರ ಬರುವ ಹೊತ್ತಿಗೆ ಅಪ್ಪ ಬೇರೆಯೇ ಮನುಷ್ಯರಾಗಿದ್ದರು. ಸೊಂಟ ತಿರುಗುತ್ತಿತ್ತು, ಬೆನ್ನು ಸುಮ್ಮನಿರುತ್ತಿತ್ತು, ಚೆಂಡು ಹಿಂದೆಂದೂ ಕಾಣದ ದೂರಕ್ಕೆ ಹೋಗುತ್ತಿತ್ತು. ರೋಗಿಗಳೂ, "ಡಾಕ್ಟ್ರು ಈಗ ನೆಟ್ಟಗೆ ನಿಂತು ಹಲ್ಲು ಕೀಳ್ತಾರೆ, ಮೊದಲು ಮೈಮೇಲೇ ಬೀಳೋರು" ಎಂದು ಸಂತೋಷಪಟ್ಟರಂತೆ. ನಾನು ಕೂಡ, ಮಂಚ ಇಳಿಸಿದ ಮೇಲೆ ಅದನ್ನು ಕಿಟಕಿಯ ಕಡೆಗೆ ಹಾಕುವುದೋ ಗೋಡೆಯ ಕಡೆಗೆ ಹಾಕುವುದೋ ಎಂದು ಯೋಚಿಸತೊಡಗಿದ್ದೆ. ನನ್ನ ತಪ್ಪು.

ಆ ಭಾನುವಾರ ನಡೆದದ್ದನ್ನು ತಮಗೆ ವರದಿ ಮಾಡುವುದು ನನ್ನ ಕರ್ತವ್ಯ, ಏಕೆಂದರೆ ಅದರ ಕೀರ್ತಿ ಪೂರ್ತಿ ತಮ್ಮದು. ತಾವು ಅಪ್ಪನಿಗೆ ಕಡೆಯದಾಗಿ ಒಂದು ಉಪದೇಶ ಮಾಡಿದ್ದಿರಿ: ಆಟಕ್ಕೆ ಮುಂಚೆ ಮೈ ಬಿಸಿ ಮಾಡುವ ವ್ಯಾಯಾಮವನ್ನು ಒಮ್ಮೆ ಶುರು ಮಾಡಿದರೆ ಅರ್ಧಕ್ಕೆ ಬಿಡಬಾರದು, ಅರೆಬಿಸಿ ದೇಹ ತಣ್ಣಗಿನ ದೇಹಕ್ಕಿಂತ ಅಪಾಯ ಎಂದು. ಇದನ್ನು ತಾವು ಒಬ್ಬ ಗುಮಾಸ್ತರಿಗೋ ಡ್ರೈವರಿಗೋ ಹೇಳಿದ್ದರೆ ಅಡ್ಡಿಯಿರಲಿಲ್ಲ. ಅವರು ತಲೆಯಾಡಿಸಿ ಮರೆಯುತ್ತಿದ್ದರು. ತಾವು ಹೇಳಿದ್ದು ಹಲ್ಲಿನ ಡಾಕ್ಟರಿಗೆ. ನೋವು ಹೋಯಿತೆಂದು ಮಾತ್ರೆಯನ್ನು ಅರ್ಧಕ್ಕೇ ಬಿಟ್ಟು ಮುಖ ಊದಿಸಿಕೊಂಡು ಬರುವ ರೋಗಿಗಳನ್ನು ದಿನಾ ಬೈದು ಬೈದು, 'ಕೋರ್ಸ್ ಮುಗಿಸಬೇಕು' ಎಂಬುದೊಂದನ್ನೇ ಧರ್ಮವೆಂದು ನಂಬಿದ ಮನುಷ್ಯ ಅವರು.

ಗಾಡಿಗಳ ಶೆಡ್ಡಿನ ಹಿಂದೆ ಅಪ್ಪ ಶುರು ಮಾಡಿದರು. ಭುಜ ತಿರುಗಿತು, ಸೊಂಟ ತಿರುಗಿತು, ಕಾಲು ಗಡಿಯಾರದ ಲೋಲಕದಂತೆ ಹಿಂದೆ ಮುಂದೆ ಆಡಿತು. ಇತ್ತ ದೊಡ್ಡಪ್ಪ ಗಡಿಯಾರ ಬಿಚ್ಚಿ, ನೆಟಿಗೆ ಮುರಿದು, ಸೀನಿ, ತಯಾರಾಗಿ ನಿಂತಿದ್ದರು. ಸರದಿ ಕೂಗುವ ಮೀಸೆಯವರು ಹೆಸರು ಕೂಗಿದರು. ಮತ್ತೆ ಕೂಗಿದರು. ನಾನು ಎದ್ದು ಬಿದ್ದು ಶೆಡ್ಡಿನ ಹಿಂದಕ್ಕೆ ಓಡಿದರೆ ಅಪ್ಪ ಒಂಟಿ ಕಾಲ ಮೇಲೆ, ಕಣ್ಣು ಮುಚ್ಚಿ, ಕೊಕ್ಕರೆಯ ಹಾಗೆ ನಿಂತಿದ್ದಾರೆ.

"ಅಪ್ಪಾ, ಕೂಗ್ತಾ ಇದ್ದಾರೆ, ಬಾ!"

"ಇನ್ನೊಂದು ಕಾಲು ಬಾಕಿ ಇದೆ ಕಣೇ."

"ತಡವಾದ್ರೆ ಆಟದಿಂದಲೇ ತೆಗೀತಾರಂತೆ!"

"ಕೋರ್ಸ್ ಅರ್ಧಕ್ಕೆ ಬಿಡಬಾರದು."

"ಅಪ್ಪಾ, ಇದು ಮಾತ್ರೆ ಅಲ್ಲ, ಪಂದ್ಯ! ನನ್ನ ಕೋಣೆ!"

"ಮಾತಾಡಿಸ್ಬೇಡ, ಬ್ಯಾಲೆನ್ಸ್ ತಪ್ಪುತ್ತೆ" ಎಂದು ಅವರು ಶಾಂತವಾಗಿ ಕಾಲು ಬದಲಾಯಿಸಿದರು. ಆ ಕ್ಷಣ ಅವರನ್ನು ಒಂದು ಬೆರಳಿನಿಂದ ತಳ್ಳಿಬಿಡುವ ಆಲೋಚನೆ ಬಂದದ್ದು ನಿಜ. ಆದರೆ ತಮ್ಮ ತರಬೇತಿ ಎಷ್ಟು ಚೆನ್ನಾಗಿತ್ತೆಂದರೆ, ತಳ್ಳಿದ್ದರೂ ಬೀಳುತ್ತಿರಲಿಲ್ಲ.

ದೊಡ್ಡಪ್ಪ ಮೀಸೆಯವರನ್ನು, "ಇರ್ಲಿ ಬಿಡ್ರೀ, ನನ್ನ ತಮ್ಮ ತಾನೇ, ಕಾಯ್ತೀನಿ" ಎಂದು ಕೇಳಿಕೊಂಡರಂತೆ. ಅವರು ಹೆಸರಿನ ಪಟ್ಟಿಯಿಂದ ಮುಖ ಎತ್ತದೆ, "ನೀವು ಕಾಯಬಹುದು ಸಾರ್, ರೂಲ್ಸು ಕಾಯಲ್ಲ" ಎಂದರಂತೆ. ಅಪ್ಪ ಮೈಯೆಲ್ಲ ಹದವಾಗಿ ಬಿಸಿಯಾಗಿ, ಒಂದೇ ಒಂದು ಸ್ನಾಯುವಿನಲ್ಲೂ ಬಿಗಿತವಿಲ್ಲದೆ, ಜಿಂಕೆಯ ಹಾಗೆ ಜಿಗಿಯುತ್ತಾ ಬಂದು ತಲುಪುವ ಹೊತ್ತಿಗೆ ಅವರು ಸೋತು ಸಾಕಷ್ಟು ಹೊತ್ತಾಗಿತ್ತು. ಗಾಲ್ಫಿನ ಇತಿಹಾಸದಲ್ಲಿ ಇಷ್ಟು ಆರೋಗ್ಯವಂತರಾಗಿ ಯಾರೂ ಸೋತಿರಲಿಕ್ಕಿಲ್ಲ.

ಇನ್ನು ಚೀಲ. ಅಪ್ಪ ತುಟಿ ಕಚ್ಚಿಕೊಂಡು ದೊಡ್ಡಪ್ಪನ ಚೀಲವನ್ನು, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ತಾವು ಕಲಿಸಿದಂತೆಯೇ ಎತ್ತಿ ಹೆಗಲಿಗೇರಿಸಿದರು. ಅದು ಹತ್ತಿಯ ಮೂಟೆಯಂತೆ ಮೇಲೆದ್ದಿತು. ಇನ್ನೊಂದು ಹೆಗಲಿಗೆ ತನ್ನ ಚೀಲವನ್ನೂ ಹಾಕಿಕೊಂಡು ಏರು ಹತ್ತತೊಡಗಿದರು. ಎಂದಿನಂತೆ ನಡುವೆ ಮೂರು ಕಡೆ ಚೀಲ ಇಳಿಸಿ 'ಉಸ್ಸಪ್ಪಾ' ಎನ್ನಲಿಲ್ಲ. ಮುಂದಿರಬೇಕಾದ ದೊಡ್ಡಪ್ಪನನ್ನು ದಾಟಿಕೊಂಡು ಹೋಗಿಯೇಬಿಟ್ಟರು. ವರಾಂಡದಲ್ಲಿ ಒಬ್ಬರು ನಕ್ಕರು. ಗೆದ್ದವನು ಹಿಂದೆ, ಸೋತವನು ಮುಂದೆ! ದೊಡ್ಡಪ್ಪನಿಗೆ ಅದು ತಡೆಯಲಿಲ್ಲ. "ಏ, ನಿಲ್ಲೋ! ಪದ್ಧತಿ ಅಂತ ಒಂದಿದೆ ಕಣೋ!" ಎನ್ನುತ್ತಾ ಡಬ್ಬ ಸಾಹೇಬರು, ಅಂಗಡಿ ತೆರೆದ ದಿನದಿಂದ ಓಡದಿದ್ದವರು, ಓಡಿದರು. ಅರ್ಧ ಏರಿನಲ್ಲಿ ಅವರ ಮೀನಖಂಡ 'ಪಟ್' ಅಂದಿತು. ವರಾಂಡದವರಿಗೂ ಕೇಳಿಸಿತಂತೆ. ಅವರು ಕೂತರು. ಆಮೇಲೆ ಏಳಲಿಲ್ಲ.

ಅಪ್ಪ ಎರಡೂ ಚೀಲಗಳನ್ನು ಅಲ್ಲೇ ಬಿಟ್ಟು ಓಡಿ ಬಂದರು. ದೊಡ್ಡಪ್ಪನ ಮುಖದಲ್ಲಿ ಬಣ್ಣವೇ ಇರಲಿಲ್ಲ. ಬಣ್ಣದ ಅಂಗಡಿಯವರನ್ನು ಹಾಗೆ ನೋಡಿದ್ದು ಅದೇ ಮೊದಲು. "ಅಲ್ಲಾಡಬೇಡ ಅಣ್ಣ" ಎಂದವರೇ ಅಪ್ಪ ಮತ್ತೆ ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಉಸಿರು ಬಿಡುತ್ತಾ, ಚೀಲಕ್ಕಿಂತ ಎಷ್ಟೋ ಪಾಲು ಭಾರದ ಅಣ್ಣನನ್ನೇ ಹೆಗಲ ಮೇಲೆ ಹೊತ್ತು ಕಾರಿನವರೆಗೂ ನಡೆದರು. ವರಾಂಡದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕಣ್ಣಲ್ಲಿ ಏನೋ ಧೂಳು ಬಿದ್ದಿತ್ತು. ಆ ಹೊರೆ ಕಡೆಗೆ ಎಲ್ಲಿ ಬಂದು ಇಳಿಯಲಿದೆಯೆಂದು ಆಗ ನನಗೆ ಗೊತ್ತಿರಲಿಲ್ಲ.

ಕಾರಿನ ಹಿಂದಿನ ಸೀಟಿನಲ್ಲಿ ದೊಡ್ಡಪ್ಪನ ಕಾಲು ನನ್ನ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ ದೊಡ್ಡಪ್ಪ ಕಿಟಕಿಯಾಚೆ ನೋಡುತ್ತಾ, "ಅಲ್ಲ ಕಣೋ, ಆ ನಿನ್ನ ಟ್ರೈನರು... ನನ್ನಂಥೋರನ್ನೂ ನೋಡ್ತಾರೇನೋ?" ಎಂದರು. ಅಪ್ಪ ಕನ್ನಡಿಯಲ್ಲಿ ಅಣ್ಣನನ್ನು ನೋಡಿದರು. ಎಷ್ಟು ವರ್ಷ ಚೀಲ ಹೊತ್ತರೂ ಸಿಗದ ಗೆಲುವು ಅಪ್ಪನ ಮುಖದಲ್ಲಿತ್ತು. "ನೋಡ್ತಾರೆ ಅಣ್ಣ, ಯಾಕೆ ನೋಡಲ್ಲ? ದಿನಾ ನಮ್ಮನೆಗೇ ಬಂದುಬಿಡು. ಕೋಣೆ ದೊಡ್ಡದಾಗೇ ಇದೆ."

ಮಾನ್ಯರೇ, ಈಗ ನನ್ನ ಕೋಣೆಯಲ್ಲಿ ಇಬ್ಬರಿದ್ದಾರೆ. ಗೋಡೆಗೆ ತೂತು ಕೊರೆದಾಗಿದೆ. ಕಬ್ಬಿಣದ ಚೌಕಟ್ಟು ಬಂದು ಕೂತಿದೆ, ಬಣ್ಣ ದೊಡ್ಡಪ್ಪನ ಅಂಗಡಿಯದು. ಬೆಳಗಾದರೆ ಅಣ್ಣತಮ್ಮಂದಿರಿಬ್ಬರೂ ಒಂಟಿ ಕಾಲ ಮೇಲೆ, ಒಬ್ಬರ ಭುಜ ಒಬ್ಬರು ಹಿಡಿದು, ಕಣ್ಣು ಮುಚ್ಚಿ ನಿಂತಿರುತ್ತಾರೆ. "ಅಣ್ಣ, ಹೊಟ್ಟೆ ಬಿಗಿ ಹಿಡಿ." "ಹಿಡಿಯೋಕೆ ಎಲ್ಲಿಂದ ಶುರು ಮಾಡ್ಲಿ ಹೇಳೋ." ಆಮೇಲೆ ಇಬ್ಬರೂ ನಕ್ಕು, ಇಬ್ಬರೂ ಬೀಳುತ್ತಾರೆ. ಕೆಳಗಿನ ಪಿಯಾನೋ ಟೀಚರು ಈಗ ಕಪಾಟುಗಳನ್ನು ಎಣಿಸುವುದನ್ನೇ ಬಿಟ್ಟಿದ್ದಾರೆ. ಅಮ್ಮ, "ಒಬ್ಬರು ಇದ್ದಾಗಲೇ ವಾಸಿಯಿತ್ತು, ಈಗ ಅವಳಿ" ಎಂದು ನೈಟ್ ಡ್ಯೂಟಿಯನ್ನು ತಾವಾಗಿಯೇ ಇನ್ನಷ್ಟು ಕೇಳಿ ಹಾಕಿಸಿಕೊಂಡಿದ್ದಾರೆ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಗಾಲ್ಫ್ ಆಡದವರನ್ನು ಗಾಲ್ಫಿನಿಂದ ಕಾಪಾಡುವ ವ್ಯಾಯಾಮವೊಂದನ್ನು ತಾವು ಆದಷ್ಟು ಬೇಗ ಕಂಡುಹಿಡಿಯಬೇಕು. ಅದನ್ನು ಒರಗಿಸಿಟ್ಟ ಮಂಚದ ಹಿಂದಿನ ಸಂದಿನಲ್ಲಿ ನಿಂತೇ ಮಾಡಲು ಬರುವಂತಿರಬೇಕು. ಅದು ಆಗದಿದ್ದರೆ ಹದಿನೆಂಟು ಕುಳಿಗಳ ತಮ್ಮ ಮೈದಾನವನ್ನೇ ಎತ್ತಿ ನಮ್ಮ ಮೆಟ್ಟಿಲ ಮೇಲಕ್ಕೆ ತಂದಿಡಿ. ಅವರು ಅಲ್ಲಿ ಆಡಿಕೊಳ್ಳಲಿ, ನಾನು ಒಳಗೆ ಮಲಗುತ್ತೇನೆ. ಎತ್ತುವಾಗ ಮಾತ್ರ ಮಂಡಿ ಬಗ್ಗಿಸಲು ಮರೆಯಬೇಡಿ. ಅದೂ ಆಗದಿದ್ದರೆ, ಮಲಗಿದ್ದ ಸ್ನಾಯುಗಳನ್ನು ಎಬ್ಬಿಸಬಲ್ಲ ತಮಗೆ ಎದ್ದವನ್ನು ಮತ್ತೆ ಮಲಗಿಸುವುದೇನು ದೊಡ್ಡ ಮಾತು? ಒಂದು ಜೋಗುಳ ಹಾಡಿ ಸಾಕು, ಇಬ್ಬರವೂ ಸೇರಿ ನಾಲ್ಕೂ ಮಲಗಲಿ.

ತಮ್ಮ ವಿದ್ಯೆಯಿಂದ ಬೆನ್ನು ನೆಟ್ಟಗಾದವರ ಮನೆಯಲ್ಲಿ ಕತ್ತು ಸೊಟ್ಟಗಾಗಿ ಉಳಿದಿರುವ,

ತಮ್ಮ ವಿಶ್ವಾಸಿ,
ತರಲೆ
(ಹಾಲ್ ಸೋಫಾ, ಫ್ರಿಜ್ಜಿನ ಬಲಬದಿ)

ಮರೆತ ಮಾತು: ಸೋಫಾದ ಕೃಪೆಯಿಂದ ನನ್ನ ಕತ್ತು ಹಿಡಿದು ವಾರವಾಯಿತು. ನಿನ್ನೆ ಮುಸುಕು ಹೊದ್ದು, ಬೇರೆ ಹೆಸರು ಹೇಳಿ ತಮ್ಮ ಗಾಜಿನ ಕೋಣೆಗೆ ಬಂದಿದ್ದ ಹುಡುಗಿ ನಾನೇ. ತಾವು ಕತ್ತು ಒತ್ತಿ ನೋಡಿ, "ಇದಕ್ಕೆ ವ್ಯಾಯಾಮ ಬೇಡಮ್ಮ. ಒಂದು ತಿಂಗಳು ನಿನ್ನ ಕೋಣೇಲಿ, ನಿನ್ನ ಮಂಚದ ಮೇಲೆ ನೆಟ್ಟಗೆ ಮಲಗು, ಸಾಕು. ಕೋರ್ಸ್ ಮಾತ್ರ ಅರ್ಧಕ್ಕೆ ಬಿಡಬೇಡ" ಎಂದಿರಿ. ಈ ಮಾತನ್ನು ತಾವೇ ಖುದ್ದಾಗಿ ಬಂದು ನಮ್ಮಪ್ಪನಿಗೆ ಹೇಳಬೇಕೆಂದು ಕೋರುತ್ತೇನೆ. ಬೆಳಿಗ್ಗೆ ಬನ್ನಿ. ಬರುವ ಮುಂಚೆ ಮೈ ಚೆನ್ನಾಗಿ ಬಿಸಿ ಮಾಡಿಕೊಂಡಿರಿ, ಅಮ್ಮ ಮನೆಯಲ್ಲಿರುತ್ತಾರೆ.